ಆಸ್ಪತ್ರೆಯ ಬಿಲ್ಲಿನಲ್ಲಿ ಬಾರದ ಖರ್ಚು



"ಬಡವರಿಗೆ ಈಗ ಸರ್ಕಾರದ ಕಾರ್ಡ್ ಇದೆಯಲ್ಲ, ಮತ್ತೆ ನಮ್ಮ ವೈದ್ಯಕೀಯ ನೆರವು ನಿಧಿ ಯಾಕೆ?" ಎಂದು ಸಂಘದ ಹಿರಿಯ ಸದಸ್ಯರೊಬ್ಬರು ಈಚೆಗೆ ಕೇಳಿದರು. ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆ ಇದು. ನಿಧಿಯ ಲೆಕ್ಕ ಬರೆಯುವವನು ನಾನೇ. ವಾರಕ್ಕೆರಡು ದಿನ ಆಸ್ಪತ್ರೆಗೆ ಹೋಗುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹಾಗಾಗಿ ಎಲ್ಲರಿಗೂ ತಿಳಿಯುವಂತೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಹೈದರಾಬಾದಿಗೇ ಏಕೆ?

ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ ಹೆಚ್ಚು ಕಡಿಮೆ 700. ಕಲಬುರಗಿ, ರಾಯಚೂರಿನವರಿಗೂ ಹೈದರಾಬಾದೇ ಹತ್ತಿರ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಜ್ಜ, ಮುತ್ತಜ್ಜಂದಿರು ಉಸ್ಮಾನಿಯಾ ದವಾಖಾನೆಗೆ ಬಂದ ದಾರಿಯಲ್ಲೇ ಮೊಮ್ಮಕ್ಕಳು ಈಗಲೂ ಬರುತ್ತಾರೆ. ಬೀದರ, ಕಲಬುರಗಿ, ರಾಯಚೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಎಷ್ಟೋ ಚಿಕಿತ್ಸೆ ಅಲ್ಲೇ ಆಗುತ್ತದೆ. ಆದರೂ ಕ್ಯಾನ್ಸರ್, ಮಿದುಳಿನ ಶಸ್ತ್ರಚಿಕಿತ್ಸೆ, ಮಕ್ಕಳ ರಕ್ತದ ಕಾಯಿಲೆ ಎಂದಾಗ ಅನೇಕ ಕುಟುಂಬಗಳು ಪಂಜಗುಟ್ಟದ ನಿಮ್ಸ್, ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ನಿಲೋಫರ್ ಮಕ್ಕಳ ಆಸ್ಪತ್ರೆಗಳ ಬಾಗಿಲಿಗೆ ಬಂದು ನಿಲ್ಲುತ್ತವೆ.

ಕಾರ್ಡ್ ಇದ್ದರೂ

ತೆಲಂಗಾಣದ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆರೋಗ್ಯಶ್ರೀ ಇದೆ. 2023ರ ಡಿಸೆಂಬರಿನಲ್ಲಿ ಅದರ ಮಿತಿ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿತು. ಜಹೀರಾಬಾದಿನ ರೋಗಿಗೆ ಇದು ಸಿಗುತ್ತದೆ. ಅಲ್ಲಿಂದ ಮೂವತ್ತು ಕಿಲೋಮೀಟರ್ ಆಚೆಯ ಬೀದರಿನ ರೋಗಿ ಪಕ್ಕದ ಹಾಸಿಗೆಯಲ್ಲೇ ಮಲಗಿದ್ದರೂ ಅವನಿಗೆ ಸಿಗುವುದಿಲ್ಲ.

ಅವನಿಗಿರುವುದು 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹೋಗುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು, ಆ ಚಿಕಿತ್ಸೆಯೂ ಇರಬೇಕು. ತುರ್ತು ಪ್ರಸಂಗ ಬೇರೆ. ಪತ್ರವಿಲ್ಲದೆ ಬಂದವರು ಅದೊಂದಕ್ಕಾಗಿ ಮತ್ತೆ ಊರಿಗೆ ಹೋಗಬೇಕಾಗುತ್ತದೆ. ಆದ್ದರಿಂದ ನಮ್ಮ ಕೆಲಸ ರೋಗಿ ಊರು ಬಿಡುವ ಮೊದಲೇ, ಫೋನಿನಲ್ಲೇ ಶುರುವಾಗುತ್ತದೆ: ಕಾರ್ಡ್ ಇದೆಯೇ, ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ರೆಫರಲ್ ಬರೆಸಿದ್ದೀರಾ, ಹಳೆಯ ರಿಪೋರ್ಟುಗಳು ಕೈಯಲ್ಲಿವೆಯೇ?

ಮಾರ್ಜಿನ್ ಹಣ

ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದಾಗ ಒಂದು ವಿಷಯ ಕಂಡಿದ್ದೆ. ಟ್ರ್ಯಾಕ್ಟರಿಗೆ ಸಾಲ ಮಂಜೂರಾಗಿರುತ್ತದೆ, ಆದರೆ ರೈತ ತನ್ನ ಪಾಲಿನ ಮಾರ್ಜಿನ್ ಹಣ ತರಲಾಗದೆ ಮಂಜೂರಾತಿ ಪತ್ರ ಹಾಗೆಯೇ ಉಳಿಯುತ್ತದೆ. ಆಸ್ಪತ್ರೆಯಲ್ಲೂ ಇದೇ ಕಥೆ. ಚಿಕಿತ್ಸೆ ಉಚಿತವಾದರೂ ಅದನ್ನು ಪಡೆಯಲು ಇಲ್ಲಿ ಉಳಿದಿರಬೇಕಲ್ಲ, ಆ ಖರ್ಚು ಯಾವ ಕಾರ್ಡಿನಲ್ಲೂ ಇಲ್ಲ.

ಒಂದು ಲೆಕ್ಕ ನೋಡಿ. ಕ್ಯಾನ್ಸರಿಗೆ ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವರಿಗೆ ಆರು ವಾರ. ಪ್ರತಿ ಸರದಿ ಕೆಲವೇ ನಿಮಿಷ, ಆದರೆ ದಿನವೂ ಊರಿಂದ ಬಂದು ಹೋಗಲಾಗದು. ಇಬ್ಬರ ಊಟ ಚಹಾಕ್ಕೆ ದಿನಕ್ಕೆ 250 ರೂಪಾಯಿ, ಕೋಣೆಗೆ 300 ಎಂದು ಕಡಿಮೆಯಲ್ಲೇ ಹಿಡಿದರೂ 42 ದಿನಕ್ಕೆ 23,100. ಜೊತೆಗೆ ಬಂದವರ ಕೂಲಿ ದಿನಕ್ಕೆ 400 ಎಂದರೆ 36 ದಿನಕ್ಕೆ 14,400. ಒಟ್ಟು 37,500. ಕೂಲಿ ಮಾಡಿ ತಿನ್ನುವ ಮನೆ ಇದನ್ನು ಎಲ್ಲಿಂದ ತರಬೇಕು? ಕಿವಿಯೋಲೆ ಹೋಗುತ್ತದೆ, ಎಮ್ಮೆ ಹೋಗುತ್ತದೆ, ಅದೂ ಮುಗಿದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ.

ಔರಾದ್ ಕಡೆಯ ಒಬ್ಬ ಹುಡುಗನಿಗೆ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಗೆ ಎರಡರಿಂದ ಮೂರು ವರ್ಷ ಔಷಧ ನಡೆಯಬೇಕು. ನಡೆದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಮೊದಲ ಹಂತ ಮುಗಿದಾಗ ಹುಡುಗ ಚೆನ್ನಾಗಿ ಉಣ್ಣುತ್ತಿದ್ದ, ಓಡಾಡುತ್ತಿದ್ದ. ಅಷ್ಟರಲ್ಲಿ ತೊಗರಿ ಬಿತ್ತನೆಯ ಹೊತ್ತು. ತಂದೆ ಮಗನನ್ನು ಕರೆದುಕೊಂಡು ಊರಿಗೆ ಹೋದವರು ಮುಂದಿನ ತಾರೀಕಿಗೆ ಬರಲಿಲ್ಲ. ನಮ್ಮ ಸ್ವಯಂಸೇವಕಿ ಫೋನ್ ಮಾಡಿದರೆ, "ಹುಡುಗ ಆರಾಮ ಅದಾನ್ರೀ ಅಕ್ಕಾ, ಸದ್ಯ ಕೈಯಾಗ ರೊಕ್ಕನೂ ಇಲ್ಲ" ಎಂದರು. ಕಾಯಿಲೆ ಕಣ್ಣಿಗೆ ಕಾಣದಿದ್ದರೂ ಒಳಗೆ ಉಳಿದಿರುತ್ತದೆ, ಈಗ ಬಿಟ್ಟರೆ ಮರಳಿ ಬಂದಾಗ ಗುಣವಾಗುವುದು ಕಷ್ಟ ಎಂದು ಅವರಿಗೆ ಕನ್ನಡದಲ್ಲಿ, ನಿಧಾನವಾಗಿ ತಿಳಿಸಬೇಕಾಯಿತು. ಮೂರು ಸಲ ಮಾತಾಡಿದ ಮೇಲೆ ಬಂದರು. ನಿಧಿಯಿಂದ ಹೋದದ್ದು ಬಸ್ಸಿನ ಹಣ ಮತ್ತು ನಾಲ್ಕು ದಿನದ ಕೋಣೆ ಬಾಡಿಗೆ ಮಾತ್ರ. ಹುಡುಗನ ಚಿಕಿತ್ಸೆ ಇನ್ನೂ ನಡೆದಿದೆ.

ಸ್ವಯಂಸೇವಕರ ಕೆಲಸ

ಗಂಡಸರು ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ರೋಗಿಯ ಪಕ್ಕ ಕೂರುವ ತಾಯಂದಿರಲ್ಲಿ ಹಲವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ವೈದ್ಯರು ಹೇಳಿದ್ದನ್ನು ನಾವು ಕನ್ನಡದ ಚೀಟಿಯಲ್ಲಿ ಬರೆದುಕೊಡುತ್ತೇವೆ: ಯಾವ ಮಾತ್ರೆ ಯಾವಾಗ, ಯಾವ ಪರೀಕ್ಷೆಗೆ ಖಾಲಿ ಹೊಟ್ಟೆ. ಕೀಮೋ ನಡೆಯುತ್ತಿರುವಾಗ ಜ್ವರ ಬಂದರೆ ಮನೆಯಲ್ಲಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ.

ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರರೊಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ನಮೂನೆ ತುಂಬಿಸಿಕೊಡುವುದು ಅರ್ಧ ಗಂಟೆಯ ಕೆಲಸ. ದೊಡ್ಡ ಶಸ್ತ್ರಚಿಕಿತ್ಸೆಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಬರೆದುಕೊಡುತ್ತೇವೆ. ರಕ್ತದ ವಿಷಯವೂ ಇದೆ. ಪ್ಲೇಟ್‌ಲೆಟ್‌ಗಳನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಊರಿನಿಂದ ಬಂದ ಇಬ್ಬರೇ ಪದೇ ಪದೇ ದಾನಿಗಳನ್ನು ಎಲ್ಲಿಂದ ತರುತ್ತಾರೆ? ಅದಕ್ಕೇ ಸಂಘದಲ್ಲಿ ರಕ್ತದಾನಿಗಳ ಪಟ್ಟಿ ಬೇಕು.

ಹಣದ ವಿಧಾನ

ನಿಧಿಯಿಂದ ಒಟ್ಟು ಮೊತ್ತ ಕೈಗೆ ಕೊಡುವುದಿಲ್ಲ. ಕೋಣೆ ಬಾಡಿಗೆ, ಔಷಧದಂಗಡಿಯ ಬಿಲ್ಲು ನೇರವಾಗಿ ಪಾವತಿಯಾಗುತ್ತವೆ. ಊಟ ಮತ್ತು ಬಸ್ಸಿನ ಹಣ ವಾರಕ್ಕೊಮ್ಮೆ. ಪ್ರತಿ ಪ್ರಕರಣಕ್ಕೂ ಸ್ವಯಂಸೇವಕರ ವರದಿ ಮತ್ತು ಸಮಿತಿಯ ಇಬ್ಬರ ಸಹಿ ಕಡ್ಡಾಯ. ಲಕ್ಷಗಟ್ಟಲೆಯ ಶಸ್ತ್ರಚಿಕಿತ್ಸೆಗೆ ಪೂರ್ತಿ ಹಣ ಕೇಳಿಬಂದವರಿಗೆ ಆಗದು ಎನ್ನುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಒಬ್ಬರಿಗೇ ನಿಧಿ ಬರಿದು ಮಾಡಿದರೆ ಅರ್ಧ ದಾರಿಯಲ್ಲಿರುವ ಹತ್ತು ಮನೆಯವರ ಚಿಕಿತ್ಸೆ ನಿಲ್ಲುತ್ತದೆ.

ನಮ್ಮ ವಿನಂತಿ

ಒಮ್ಮೆಗೆ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ 300 ಅಥವಾ 500 ರೂಪಾಯಿ ಹೆಚ್ಚು ಉಪಯೋಗ. ಮುಂದಿನ ತಿಂಗಳು ಎಷ್ಟು ಕುಟುಂಬಗಳಿಗೆ ಮಾತು ಕೊಡಬಹುದೆಂದು ಅದರಿಂದ ಮೊದಲೇ ತಿಳಿಯುತ್ತದೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬಯಸುವವರು ನೆನಪಿಡಿ, 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಅದು ಸಿಗುವುದಿಲ್ಲ. ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ರಸೀದಿ ತಪ್ಪದೆ ಪಡೆಯಿರಿ.

ಹಣ ಕೊಡಲಾಗದವರು ವಾರಕ್ಕೆ ಎರಡು ಗಂಟೆ ಕೊಡಿ. ನಿವೃತ್ತರಾದ ತಾಯಂದಿರು ಬಂದರೆ ಇನ್ನೂ ಅನುಕೂಲ. ಲಕಡಿಕಾಪುಲ್, ರೆಡ್ ಹಿಲ್ಸ್ ಸುತ್ತ ಯಾರದಾದರೂ ಕೋಣೆ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. 18ರಿಂದ 65 ವಯಸ್ಸಿನ ಆರೋಗ್ಯವಂತರು ರಕ್ತದಾನಿಗಳ ಪಟ್ಟಿಗೆ ಹೆಸರು, ರಕ್ತದ ಗುಂಪು ಬರೆಸಿ. ಸಂಘದ ಕಚೇರಿಯಲ್ಲಿ ಪುಸ್ತಕ ಇಟ್ಟಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಸಂಚಾಲಕ, ವೈದ್ಯಕೀಯ ನೆರವು ಉಪಸಮಿತಿ