ಇಂಗ್ಲಿಷಿನ ಕಾಲವಾಚಕ ಕ್ರಿಯಾವಿಶೇಷಣಗಳು: ಕನ್ನಡದ ‘ಇನ್ನೂ’ ಮತ್ತು ‘ಇಂದ’ಗಳ ಹಿನ್ನೆಲೆಯಲ್ಲಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಇಂಗ್ಲಿಷ್ ಬರವಣಿಗೆಯಲ್ಲಿ ಸ್ಟಿಲ್, ಯೆಟ್, ಆಲ್ರೆಡಿ, ಅಗೋ ಎಂಬ ಕಾಲವಾಚಕ ಕ್ರಿಯಾವಿಶೇಷಣಗಳೂ, ಕಾಲಸೂಚಕ ಪದಪುಂಜಗಳನ್ನು ರೂಪಿಸುವ ಸಿನ್ಸ್, ಫಾರ್ ಎಂಬ ಪದಗಳೂ ಪದೇಪದೇ ತಪ್ಪಾಗಿ ಪ್ರಯೋಗವಾಗುತ್ತವೆ. ಇವುಗಳ ಅರ್ಥ ತಿಳಿಯದ ವಿದ್ಯಾರ್ಥಿಗಳು ವಿರಳ. ಆದರೂ ಪ್ರಯೋಗ ತಪ್ಪುತ್ತದೆ. ಇದನ್ನು ಅಭ್ಯಾಸದ ಕೊರತೆಯೆಂದು ಕೆಂಪು ಶಾಯಿಯಲ್ಲಿ ಗುರುತಿಸಿ ಮುಂದೆ ಹೋಗುವುದು ವಾಡಿಕೆ. ಆದರೆ ಈ ತಪ್ಪುಗಳು ಅಡ್ಡಾದಿಡ್ಡಿಯಾದವಲ್ಲ, ಕನ್ನಡ ವ್ಯಾಕರಣದ ನಿಯಮಗಳಿಗೆ ಬದ್ಧವಾದವು. ಆದುದರಿಂದ ಅವುಗಳ ಪರಿಹಾರವೂ ಕನ್ನಡದ ಮೂಲಕವೇ ಆಗಬೇಕು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಇಂದಿನ ಶಾಲಾ ವ್ಯಾಕರಣಗಳೂ ಕಾಲವಾಚಕ ಪದಗಳನ್ನು ಅವ್ಯಯಗಳ ಪಟ್ಟಿಯಲ್ಲಿ ಸೇರಿಸುತ್ತವೆ. ರೂಪ ಬದಲಾಗದ ಪದಗಳೆಂಬ ಲಕ್ಷಣ ಅಲ್ಲಿ ಪ್ರಧಾನವಾಗುತ್ತದೆ. ಅವು ಕ್ರಿಯಾಪದದ ರೂಪದೊಡನೆ ಹೊಂದಿರುವ ಸಂಬಂಧ ಚರ್ಚೆಗೆ ಬರುವುದು ಅಪರೂಪ. ಇಂಗ್ಲಿಷಿನಲ್ಲಿ ಎಡವುವುದು ಈ ಸಂಬಂಧದಲ್ಲಿಯೇ.

೧. ‘ಇನ್ನೂ’: ಸ್ಟಿಲ್ ಮತ್ತು ಯೆಟ್

ಕೆಳಗಿನ ವಾಕ್ಯಗಳನ್ನು ಗಮನಿಸಬಹುದು:
ಅ) ಮಳೆ ಇನ್ನೂ ಸುರಿಯುತ್ತಿದೆ.
ಆ) ಬಸ್ಸು ಇನ್ನೂ ಬಂದಿಲ್ಲ.
ಇ) ಇನ್ನೂ ಎರಡು ರೊಟ್ಟಿ ಬೇಕು.

ಮೂರನೆಯ ವಾಕ್ಯದಲ್ಲಿ ‘ಇನ್ನೂ’ ಪರಿಮಾಣವಾಚಕ. ಇಂಗ್ಲಿಷಿನಲ್ಲಿ ಅದಕ್ಕೆ ‘ಮೋರ್’ ಸಲ್ಲುತ್ತದೆ. ಮೊದಲೆರಡರಲ್ಲಿ ಅದು ಕಾಲವಾಚಕ. ಮಳೆ ಸುರಿಯುವುದು ಹೇಗೆ ಮುಂದುವರಿಯುತ್ತಿರುವ ಸ್ಥಿತಿಯೋ ಹಾಗೆಯೇ ಬಸ್ಸು ಬಾರದಿರುವುದೂ ಮುಂದುವರಿಯುತ್ತಿರುವ ಸ್ಥಿತಿ ಎಂಬುದು ಕನ್ನಡದ ತರ್ಕ. ಹಾಗಾಗಿ ಎರಡಕ್ಕೂ ಒಂದೇ ಪದ ಸಾಲುತ್ತದೆ. ಇಂಗ್ಲಿಷ್ ಇಲ್ಲಿ ಭೇದ ಮಾಡುತ್ತದೆ. ಮುಂದುವರಿಕೆಗೆ ‘ಸ್ಟಿಲ್’, ನಿರೀಕ್ಷಿತ ಘಟನೆ ನಡೆಯಿತೋ ಇಲ್ಲವೋ ಎಂಬುದಕ್ಕೆ ‘ಯೆಟ್’. ಎರಡನೆಯದು ಸಾಮಾನ್ಯವಾಗಿ ನಿಷೇಧ ಹಾಗೂ ಪ್ರಶ್ನಾವಾಕ್ಯಗಳ ಕೊನೆಗೆ ಬರುತ್ತದೆ: ‘ದ ಬಸ್ ಹ್ಯಾಸ್ ನಾಟ್ ಕಮ್ ಯೆಟ್.’ ಇದೇ ಸಂದರ್ಭದಲ್ಲಿ ‘ದ ಬಸ್ ಸ್ಟಿಲ್ ಹ್ಯಾಸ್ ನಾಟ್ ಕಮ್’ ಎಂದರೂ ತಪ್ಪಲ್ಲ. ಆದರೆ ಆಗ ‘ಸ್ಟಿಲ್’ ನಿಷೇಧಕ್ಕಿಂತ ಮೊದಲು ಬರಬೇಕು, ಮಾತಿನಲ್ಲಿ ಕಾಯುವವನ ಅಸಹನೆಯೂ ಸೇರುತ್ತದೆ.

ಪ್ರಶ್ನಾವಾಕ್ಯದ ತೊಡಕು ಬೇರೆ ಬಗೆಯದು. ‘ಬಸ್ಸು ಬಂತೇ?’ ಎಂದು ಕೇಳುವಾಗ ಕನ್ನಡದಲ್ಲಿ ‘ಇನ್ನೂ’ ಬರುವುದೇ ಇಲ್ಲ. ಇದರಿಂದಾಗಿ ‘ಹ್ಯಾಸ್ ದ ಬಸ್ ಕಮ್ ಯೆಟ್?’ ಎಂಬ ರಚನೆ ನಮ್ಮ ವಿದ್ಯಾರ್ಥಿಗಳಿಗೆ ಸಹಜವಾಗಿ ಹೊಳೆಯುವುದಿಲ್ಲ. ಆದರೆ ‘ಬಸ್ಸು ಆಗಲೇ ಬಂತೇ?’ ಎಂಬುದರಲ್ಲಿರುವ ಆಶ್ಚರ್ಯವನ್ನು ‘ಆಲ್ರೆಡಿ’ ಯಥಾವತ್ತಾಗಿ ಹೊರುತ್ತದೆ. ಈ ಪದದೊಡನೆ ಬ್ರಿಟಿಷ್ ಸಂಪ್ರದಾಯವು ವರ್ತಮಾನ ಪೂರ್ಣರೂಪವನ್ನು ಬಯಸಿದರೆ, ಅಮೆರಿಕನ್ ಬಳಕೆಯಲ್ಲಿ ಸರಳ ಭೂತಕಾಲವೂ ಸಾಮಾನ್ಯ.

೨. ‘ಇಂದ’: ಸಿನ್ಸ್ ಮತ್ತು ಫಾರ್

‘ಸೋಮವಾರದಿಂದ ಜ್ವರವಿದೆ’, ‘ಮೂರು ದಿನಗಳಿಂದ ಜ್ವರವಿದೆ’ – ಎರಡರಲ್ಲಿಯೂ ಪ್ರತ್ಯಯ ಒಂದೇ, ಕ್ರಿಯಾಪದವೂ ಒಂದೇ. ಆದರೆ ಸೋಮವಾರವು ಆರಂಭದ ಬಿಂದು. ಮೂರು ದಿನ ಎಂಬುದು ಅವಧಿ. ಇಂಗ್ಲಿಷಿನಲ್ಲಿ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಈ ಭೇದ ಕನ್ನಡದ ಪ್ರತ್ಯಯದಲ್ಲಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಆಳವಾದದ್ದು. ‘ಐದು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬಲ್ಲಿ ಕನ್ನಡವು ವರ್ತಮಾನವನ್ನೇ ಬಳಸುತ್ತದೆ. ಕೆಲಸ ಈಗಲೂ ನಡೆಯುತ್ತಿದೆಯಲ್ಲವೇ? ಇದರ ನೇರ ಪ್ರತಿಬಿಂಬವೇ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’ ಇಂಗ್ಲಿಷ್ ಕ್ರಿಯೆಯ ಹಿಂದಿನ ಭಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎನ್ನುತ್ತದೆ. ಒಂದೇ ವಾಕ್ಯದಲ್ಲಿ ಎರಡು ತಿದ್ದುಪಡಿಗಳು ಬೇಕಾಗುತ್ತವೆ. ‘ಸಿನ್ಸ್’ ಅನ್ನು ಮಾತ್ರ ತಿದ್ದಿದರೆ ಅರ್ಧ ತಪ್ಪು ಹಾಗೆಯೇ ಉಳಿಯುತ್ತದೆ.

ಇದನ್ನು ಕನ್ನಡದ ಕೊರತೆಯೆಂದು ಭಾವಿಸಬೇಕಾಗಿಲ್ಲ. ಹಿಂದಿಯ ‘ಸೇ’, ಜರ್ಮನ್ನಿನ ‘ಜೈಟ್’, ಫ್ರೆಂಚಿನ ‘ದೆಪ್ವಿ’ ಬಿಂದು ಮತ್ತು ಅವಧಿ ಎರಡಕ್ಕೂ ಸಲ್ಲುತ್ತವೆ, ಇಂತಹ ಕಡೆ ವರ್ತಮಾನ ಕ್ರಿಯಾಪದವನ್ನೂ ಒಪ್ಪುತ್ತವೆ. ಈ ವಿಷಯದಲ್ಲಿ ಕನ್ನಡ ಒಂಟಿಯಲ್ಲ.

೩. ‘ಹಿಂದೆ’: ಅಗೋ ಮತ್ತು ಬಿಫೋರ್

‘ಎರಡು ವರ್ಷಗಳ ಹಿಂದೆ ಎಂ.ಎ. ಮುಗಿಸಿದ್ದೇನೆ’ ಎಂಬುದು ಶುದ್ಧ ಕನ್ನಡ ವಾಕ್ಯ. ಕನ್ನಡದ ‘-ಇದ್ದೇನೆ’ ರೂಪವು ನಿರ್ದಿಷ್ಟ ಕಾಲಸೂಚನೆಯನ್ನು ಸಹಿಸುತ್ತದೆ, ಇಂಗ್ಲಿಷಿನ ವರ್ತಮಾನ ಪೂರ್ಣರೂಪ ಸಹಿಸುವುದಿಲ್ಲ. ಆದ್ದರಿಂದ ‘ಅಗೋ’ ಬಂದಾಗ ಸರಳ ಭೂತಕಾಲವೇ ಬೇಕು: ‘ಐ ಕಂಪ್ಲೀಟೆಡ್ ಮೈ ಎಂ.ಎ. ಟೂ ಇಯರ್ಸ್ ಅಗೋ.’ ‘ಬಿಫೋರ್ ಟೂ ಇಯರ್ಸ್’ ಎಂಬುದು ‘ಎರಡು ವರ್ಷದ ಮುಂಚೆ’ ಎಂಬುದರ ಪಡಿಯಚ್ಚು. ‘ಅಗೋ’ ಇಂದಿನಿಂದ ಹಿಂದಕ್ಕೆ ಎಣಿಸುತ್ತದೆ. ‘ಟೂ ಇಯರ್ಸ್ ಬಿಫೋರ್’ ಕಳೆದುಹೋದ ಇನ್ನೊಂದು ಘಟನೆಯಿಂದ ಹಿಂದಕ್ಕೆ ಎಣಿಸುತ್ತದೆ.

೪. ಬೋಧನೆಯ ನೆಲೆ

ಸಂದರ್ಶನವೊಂದರಲ್ಲಿ ಈ ಲೇಖಕನು ‘ಐ ಆಮ್ ಡೂಯಿಂಗ್ ರಿಸರ್ಚ್ ಸಿನ್ಸ್ ಟೂ ಇಯರ್ಸ್’ ಎಂದಾಗ ಎದುರಿಗಿದ್ದವರು ಮುಗುಳ್ನಕ್ಕರು. ಆ ನಂತರ ಸಂಶೋಧನೆಯ ವಿಷಯ ಪ್ರಸ್ತಾಪಕ್ಕೆ ಬರಲಿಲ್ಲ. ಇಂತಹ ನಗೆಗೆ ಅಂಜಿ ಬಾಯಿ ತೆರೆಯದ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿದ್ದಾರೆ. ನೀನು ಕನ್ನಡದ ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದೀಯೆ, ಇಂಗ್ಲಿಷಿನ ನಿಯಮ ಬೇರೆ ಎಂದು ಅವರಿಗೆ ಹೇಳುವುದು ಕೇವಲ ಸಮಾಧಾನದ ಮಾತಲ್ಲ, ಭಾಷಾವೈಜ್ಞಾನಿಕ ಸತ್ಯ.

ಕನ್ನಡಕ್ಕೆ ಸಂಸ್ಕೃತದ ವ್ಯಾಕರಣದ ಚೌಕಟ್ಟನ್ನು ಹೊದಿಸುವುದರ ತೊಂದರೆಗಳನ್ನು ಡಿ.ಎನ್. ಶಂಕರ ಭಟ್ಟರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅರಿವಿಲ್ಲದೆಯೇ ಕನ್ನಡದ ಚೌಕಟ್ಟನ್ನು ಇಂಗ್ಲಿಷಿಗೆ ಹೊದಿಸಿದಾಗಲೂ ಅದೇ ಬಗೆಯ ತೊಂದರೆ ಉಂಟಾಗುತ್ತದೆ. ಆದುದರಿಂದ ಪದಪಟ್ಟಿಯ ಕಂಠಪಾಠಕ್ಕಿಂತ ಮೂರು ಪ್ರಶ್ನೆಗಳು ಹೆಚ್ಚು ಉಪಯುಕ್ತ. ಹೇಳುತ್ತಿರುವುದು ಕಾಲದ ಬಿಂದುವೋ ಅವಧಿಯೋ? ಕ್ರಿಯೆ ಈ ಕ್ಷಣದವರೆಗೆ ಬಂದಿದೆಯೋ, ಹಿಂದೆಯೇ ಮುಗಿದಿದೆಯೋ? ಇಲ್ಲಿರುವುದು ಮುಂದುವರಿಕೆಯೋ ನಿರೀಕ್ಷೆಯೋ? ಈ ಪ್ರಶ್ನೆಗಳನ್ನು ಮೊದಲು ಕನ್ನಡ ವಾಕ್ಯಕ್ಕೆ ಕೇಳಿ, ಉತ್ತರ ದೊರೆತ ಮೇಲೆ ಇಂಗ್ಲಿಷ್ ಪದವನ್ನು ಆರಿಸಬೇಕು. ಕನ್ನಡ ವಿಭಾಗದ ವ್ಯಾಕರಣ ಪಾಠವೂ ಇಂಗ್ಲಿಷ್ ತರಗತಿಯೂ ಪರಸ್ಪರ ನೆರವಾಗಬಲ್ಲ ಸ್ಥಳವಿದು.