ಹಿಂದಿನ ಬೆಂಚಿಗೆ ಇಂಗ್ಲಿಷು ಕೇಳಿಸುವುದೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಲೆಗಳಿಂದ ಬರುವ ವಿದ್ಯಾರ್ಥಿಗಳಿಗೆ ನಾನು ಭೌತವಿಜ್ಞಾನವನ್ನು ಬೋಧಿಸುತ್ತೇನೆ. ಇವರಲ್ಲಿ ಅನೇಕರಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಕಾಲೇಜಿಗೆ ಬಂದೊಡನೆ ವಿಜ್ಞಾನದ ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಮ್ಮೆ ಎಂಬತ್ತು ಮಂದಿಯ ತರಗತಿಯಲ್ಲಿ ಹತ್ತು ಪದಗಳನ್ನು ಹೇಳಿ ಬರೆಯಿಸಿದೆ. ಕೊನೆಯ ಸಾಲಿನ ಹುಡುಗನೊಬ್ಬ ‘ಫೋರ್ಸ್’ ಎಂಬುದನ್ನು ‘ಕೋರ್ಸ್’ ಎಂದೂ ‘ಹೀಟ್’ ಎಂಬುದನ್ನು ‘ಹೀಪ್’ ಎಂದೂ ಬರೆದಿದ್ದ. ಮುಂದಿನ ಸಾಲಿನವರು ನಕ್ಕರು. ನಾನೂ ಅವನನ್ನು ಮನಸ್ಸಿನಲ್ಲೇ ದಡ್ಡರ ಪಟ್ಟಿಗೆ ಸೇರಿಸಿಬಿಟ್ಟೆ. ಸಂಜೆ ಅವನನ್ನು ಮೇಜಿನ ಬಳಿಗೆ ಕರೆದು, ಅವೇ ಪದಗಳನ್ನು ಕ್ರಮ ಬದಲಿಸಿ, ಅದೇ ದನಿಯಲ್ಲಿ ಹೇಳಿದೆ. ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ಬರೆದ! ಬೆಳಗಿನ ತಪ್ಪಿಗೆ ನಮ್ಮಿಬ್ಬರ ನಡುವೆ ಇದ್ದ ಎಂಟು ಮೀಟರು ದೂರವೇ ಕಾರಣವೆಂದು ಆಗ ಹೊಳೆಯಿತು. ಭೌತವಿಜ್ಞಾನವನ್ನು ಹೇಳಿಕೊಡುವವನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು.

ಶಬ್ದವು ದೀಪದ ಬೆಳಕಿನಂತೆ ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ. ದೂರವು ಎರಡರಷ್ಟಾದರೆ ಅದರ ತೀವ್ರತೆ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಎಂಟರಷ್ಟಾದರೆ ಅರವತ್ತನಾಲ್ಕರಲ್ಲಿ ಒಂದು ಪಾಲು. ಒಂದು ಮೀಟರಿನಲ್ಲಿ ಕುಳಿತವನಿಗೂ ಎಂಟು ಮೀಟರಿನಲ್ಲಿ ಕುಳಿತವನಿಗೂ ಇರುವ ಅಂತರ ಇಷ್ಟು. ಗೋಡೆಗಳು ಹಿಂದಿರುಗಿಸುವ ಶಬ್ದವು ಈ ನಷ್ಟವನ್ನು ಕೊಂಚ ತುಂಬಿಕೊಡುತ್ತದೆ, ನಿಜ. ಆದರೆ ಅದರಲ್ಲಿಯೂ ಒಂದು ತೊಡಕುಂಟು. ಅದನ್ನು ಮುಂದೆ ನೋಡೋಣ.

ಮಾತಿನ ಎಲ್ಲ ಧ್ವನಿಗಳೂ ಸಮಾನ ಬಲದವಲ್ಲ. ಅ, ಆ, ಓ ಮೊದಲಾದ ಸ್ವರಗಳು ಬಲಶಾಲಿಗಳು. ಅವುಗಳ ಶಕ್ತಿಯ ಬಹುಭಾಗ ಸೆಕೆಂಡಿಗೆ ಸುಮಾರು ಸಾವಿರಕ್ಕಿಂತ ಕಡಿಮೆ ಕಂಪನಗಳಲ್ಲಿ ಇರುತ್ತದೆ. ‘ಸ್’, ‘ಫ್’ ಮುಂತಾದ ವ್ಯಂಜನಗಳು ಮೂರು ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಕಂಪನಗಳ ಕ್ಷೀಣ ಸುಯ್ಯುವಿಕೆಗಳು. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಅವರ ಅಳತೆಗಳಂತೆ ಇಂಗ್ಲಿಷಿನ ಅತ್ಯಂತ ಬಲವಾದ ಸ್ವರದ ಶಕ್ತಿಯು ಅತ್ಯಂತ ದುರ್ಬಲ ವ್ಯಂಜನದ ಶಕ್ತಿಯ ಸುಮಾರು 680 ಪಟ್ಟು. ಆದುದರಿಂದ ಹಿಂದಿನ ಬೆಂಚಿಗೆ ದನಿ ಕೇಳಿಸುತ್ತದೆ, ಪದ ಕೇಳಿಸುವುದಿಲ್ಲ. “ಕೇಳಿಸುತ್ತಿದೆಯೇನಯ್ಯ?” ಎಂದರೆ ಹುಡುಗ “ಕೇಳಿಸುತ್ತಿದೆ, ಸಾರ್” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಕನ್ನಡದ ಪಾಠ ಹಿಂದಿನವರಿಗೆ ಹೇಗೆ ತಿಳಿಯುತ್ತದೆ? ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಬಲ್ಲ ಭಾಷೆಯಲ್ಲಿ ಬಿಟ್ಟುಹೋದುದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ‘ಮಳೆ ಬಂದು ಕೆ... ತುಂಬಿತು’ ಎಂದು ಅರ್ಧ ಕೇಳಿಸಿದರೂ ನಮ್ಮ ಸೀಮೆಯ ಹುಡುಗನಿಗೆ ಅದು ಕೆರೆಯೆಂದು ಗೊತ್ತು. ಪರಭಾಷೆಯಲ್ಲಿ ಹೀಗೆ ತುಂಬಿಕೊಳ್ಳಲು ಅವನ ಬಳಿ ಬಂಡವಾಳವಿಲ್ಲ. ಎರಡನೆಯದು, ಕನ್ನಡ ತೆಲುಗುಗಳ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ನಮ್ಮ ಬಹುವಚನದ ‘ಗಳು’ ಎರಡು ತುಂಬು ಅಕ್ಷರ. ಇಂಗ್ಲಿಷಿನಲ್ಲಿಯಾದರೋ ‘ಬುಕ್’ ಎಂಬುದನ್ನು ‘ಬುಕ್ಸ್’ ಮಾಡುವುದು ಕೊನೆಯ ಒಂದು ಸುಯ್ಯುವಿಕೆ. ‘ವಾಕ್’ ಎಂಬುದನ್ನು ಭೂತಕಾಲಕ್ಕೆ ಒಯ್ಯುವುದು ಕೊನೆಯ ಒಂದು ಟಕಾರ. ಆ ಭಾಷೆಯ ವ್ಯಾಕರಣದ ಬಹುಭಾಗ ಅತಿ ಬೇಗ ಅಳಿಸಿಹೋಗುವ ಧ್ವನಿಗಳ ಮೇಲೆ ನಿಂತಿದೆ! ಹಿಂದಿನ ಬೆಂಚಿನವರು ವ್ಯಾಕರಣದಲ್ಲಿ ತಪ್ಪುವುದರಲ್ಲಿ ಆಶ್ಚರ್ಯವೇನು?

ಈಗ ಕೊಠಡಿಯ ವಿಚಾರ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರಲ್ಲಿ ಮಾತು ತಿಳಿಯದಾದಾಗ ವಾಲೆಸ್ ಸಾಬಿನ್ ಎಂಬ ತರುಣ ಭೌತವಿಜ್ಞಾನಿ ಅದರ ಪರೀಕ್ಷೆಗೆ ತೊಡಗಿದನು. ಶಬ್ದವು ನಿಂತ ಮೇಲೂ ಅದರ ಅನುರಣನ ಅಲ್ಲಿ ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. ಅವನು ತೆರೆದ ಕಿಟಕಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡನು. ಅದರಿಂದ ಹೊರಹೋದ ಶಬ್ದ ಮರಳಿ ಬಾರದಷ್ಟೆ. ಅವನ ಸೂತ್ರದಿಂದ ಒಂದು ಅಂದಾಜು ಮಾಡೋಣ. ಎಂಟು ಮೀಟರು ಉದ್ದ, ಆರು ಮೀಟರು ಅಗಲ, ಮೂರೂವರೆ ಮೀಟರು ಎತ್ತರದ, ಗಾರೆಗೋಡೆ ಕಲ್ಲುಹಾಸಿನ ಖಾಲಿ ಕೊಠಡಿಯು ಒಂಬತ್ತು ಚದರ ಮೀಟರು ತೆರೆದ ಕಿಟಕಿಯಷ್ಟು ಶಬ್ದವನ್ನು ಹೀರುವುದಾದರೆ, ಅನುರಣನ ಮೂರು ಸೆಕೆಂಡು ನಿಲ್ಲುತ್ತದೆ. ಅರವತ್ತು ಮಕ್ಕಳು ಬಂದು ಕುಳಿತರೆ ಅವರ ಮೈ ಬಟ್ಟೆಗಳು ಇನ್ನು ಹದಿನೆಂಟು ಚದರ ಮೀಟರಿನಷ್ಟು ಹೀರಿ, ಅದನ್ನು ಒಂದು ಸೆಕೆಂಡಿಗೆ ಇಳಿಸುತ್ತವೆ. ಕಿಕ್ಕಿರಿದ ತರಗತಿಯಿಂದ ಇದೊಂದು ಉಪಕಾರ! ಆದರೂ ಒಂದು ಸೆಕೆಂಡು ಹೆಚ್ಚೇ. 2002ರ ಅಮೆರಿಕದ ಶಾಲಾಕೊಠಡಿಗಳ ಮಾನದಂಡವು ಖಾಲಿ ಕೊಠಡಿಗೇ 0.6 ಸೆಕೆಂಡಿನ ಮಿತಿಯನ್ನು ಹಾಕಿದೆ. ಅನುರಣನದಲ್ಲಿ ಉಳಿದ ಸ್ವರದ ಬಾಲವು ತನ್ನ ಹಿಂದೆಯೇ ಬರುವ ಬಡ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಹಿಂದೆ ಹೇಳಿದ ತೊಡಕು ಇದೇ.

ಗಂಟಲು ಏರಿಸಿದರಾಗದೆ? ಆಗದು. ಕೂಗಿದಾಗ ಸ್ವರಗಳು ಬೆಳೆದಷ್ಟು ವ್ಯಂಜನಗಳು ಬೆಳೆಯುವುದಿಲ್ಲ. ಗೌರಿಬಿದನೂರಿನ ಬಳಿ ದೂರದೇಶಗಳ ಭೂಕಂಪಗಳನ್ನು ಗ್ರಹಿಸುವ ಕೇಂದ್ರವೊಂದಿದೆ. ಅದು ಒಂದೇ ದೊಡ್ಡ ಯಂತ್ರವನ್ನು ನೆಚ್ಚಿಕೊಂಡಿಲ್ಲ; ಹಲವು ಮಾಪಕಗಳನ್ನು ಮೈಲಿಗಟ್ಟಲೆ ಹರಡಿದೆ. ಭಾಷೆಯ ತರಗತಿಯಲ್ಲಿಯೂ ಒಂದು ದೊಡ್ಡ ಗಂಟಲಿಗಿಂತ ಹಲವು ಸಣ್ಣ ದನಿಗಳು ಮೇಲು. ನಲವತ್ತು ನಿಮಿಷಗಳಲ್ಲಿ ಅರವತ್ತು ಮಂದಿ ಸರದಿಯಂತೆ ಮಾತನಾಡಿದರೆ ಒಬ್ಬನಿಗೆ ಸಿಕ್ಕುವುದು ನಲವತ್ತೇ ಸೆಕೆಂಡು. ಇಬ್ಬಿಬ್ಬರಾಗಿ ಹತ್ತು ನಿಮಿಷ ಮಾತನಾಡಿದರೆ ಒಬ್ಬೊಬ್ಬನಿಗೆ ಐದು ನಿಮಿಷ. ಅರ್ಧ ಮೀಟರು ದೂರದ ಗೆಳೆಯನ ಮಾತು, ಅಷ್ಟೇ ಗಟ್ಟಿಯಾಗಿ ಎಂಟು ಮೀಟರಿನಿಂದ ಬರುವ ಮಾತಿಗಿಂತ ನೇರ ಲೆಕ್ಕದಲ್ಲಿ 256 ಪಟ್ಟು ತೀವ್ರ. ಮೆಲುದನಿಯ ಕಟ್ಟಳೆಯೊಂದನ್ನು ಪಾಲಿಸಿದರೆ ಸಾಕು.

ಇದಕ್ಕೆ ಆಕ್ಷೇಪವೂ ಉಂಟು. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದೆಡೆಯ ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ನಡೆಸಿದ ಇಂಗ್ಲಿಷ್ ಬೋಧನೆಯ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದು ಹೆಸರಾಗಿದೆ. ಅಲ್ಲಿ ಅಧ್ಯಾಪಕರು ವೇಳಾಪಟ್ಟಿ, ನಕ್ಷೆ ಮೊದಲಾದವುಗಳ ಸಮಸ್ಯೆಯೊಂದನ್ನು ಇಡೀ ತರಗತಿಯೊಡನೆ ಮಾತನಾಡುತ್ತ ಬಿಡಿಸುವರು. ಅನಂತರ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕು. ಮಕ್ಕಳು ತಮ್ಮತಮ್ಮಲ್ಲಿಯೇ ಮಾತನಾಡಿದರೆ ಪರಸ್ಪರರ ತಪ್ಪುಗಳು ನೆಲೆಯೂರಬಹುದೆಂದು ಪ್ರಭು ಅವರು ಗುಂಪುಕೆಲಸಕ್ಕೆ ಒತ್ತುಕೊಡಲಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಕೊನೆಯ ಅಕ್ಷರವೇ ಕೇಳಿಸದ ಹುಡುಗನಿಗೆ ಅಧ್ಯಾಪಕರ ಶುದ್ಧ ಭಾಷೆಯಿಂದ ಆಗುವ ಲಾಭವೇನು? ಮೊದಲು ಹಲಗೆಯ ಮೇಲೆ ಸರಿಯಾದ ರೂಪವನ್ನು ಬರೆದು ಓದಿ, ಅನಂತರ ಜೋಡಿಗಳಿಗೆ ಬಿಟ್ಟರೆ ಎರಡೂ ಉದ್ದೇಶಗಳು ನೆರವೇರುತ್ತವೆ.

ಇನ್ನು ಕೆಲವು ಕಾಸಿಲ್ಲದ ಉಪಾಯಗಳು: ಹಲಗೆಯ ಕಡೆ ಮುಖಮಾಡಿ ಮಾತನಾಡದಿರುವುದು, ಏಕೆಂದರೆ ವ್ಯಂಜನಗಳ ಸೂಕ್ಷ್ಮ ತರಂಗಗಳು ತಲೆಯನ್ನು ಬಳಸಿ ಹಿಂದಕ್ಕೆ ಬರಲಾರವು, ವೇದಿಕೆಯಿಂದಿಳಿದು ಸಾಲುಗಳ ನಡುವೆ ನಡೆಯುವುದು, ವಾರಕ್ಕೊಮ್ಮೆ ಸಾಲುಗಳನ್ನು ಅದಲುಬದಲು ಮಾಡುವುದು. ಮುಂದೆ ಬಂದು ಕುಳಿತರೂ ಒಬ್ಬ ಮಗು ತಪ್ಪುತ್ತಲೇ ಇದ್ದರೆ ಅವನ ಕಿವಿಯನ್ನು ವೈದ್ಯರಿಗೆ ತೋರಿಸಬೇಕು. ಅವನಿಗೆ ದಡ್ಡನೆಂಬ ಹೆಸರಿಡುವ ಮುನ್ನ ಇಷ್ಟನ್ನು ಮಾಡುವುದು ನಮ್ಮ ಕರ್ತವ್ಯ.

‘ಕೋರ್ಸ್’ ಬರೆದ ಹುಡುಗ ಈಗ ಎರಡನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಅವನು ಬಿಟ್ಟ ಜಾಗದಲ್ಲಿ ಬೇರೊಬ್ಬನು ಕುಳಿತಿದ್ದಾನೆ. ಆದುದರಿಂದ ಪಾಠದ ನಡುವೆ ನಾನು ಆ ಗೋಡೆಯವರೆಗೂ ಒಮ್ಮೆ ನಡೆದುಹೋಗಿ ಬರುತ್ತೇನೆ.