ನಾಲ್ಕು ಮನೆಗೆ ಎರಡು ಸೈಕಲ್ಲು

ಬಂಧುಗಳ ಮನೆಗೆ ಹೋಗುವುದಕ್ಕೆ ಸೈಕಲ್ಲೇ? ಅದೂ ಬೆಂಗಳೂರಿನಿಂದ ಗದಗಕ್ಕೆ? ಸುದ್ದಿ ತಿಳಿದವರೆಲ್ಲರೂ ನಕ್ಕರು. ನೆರೆಮನೆಯ ಹಿರಿಯರೊಬ್ಬರಂತೂ, "ಕಾರು ಕೆಟ್ಟಿದೆಯೇನು?" ಎಂದು ಕನಿಕರದಿಂದಲೇ ವಿಚಾರಿಸಿದರು. ಕಾರು ಸರಿಯಾಗಿಯೇ ಇತ್ತು. ಆದರೆ ಕಾರಿನಲ್ಲಿ ಹೋಗಿಬಂದ ಭೇಟಿಗಳನ್ನು ನೆನೆದರೆ ನನಗೇ ನಾಚಿಕೆಯಾಗುತ್ತಿತ್ತು.

ತಂದೆಯವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಅವರಿದ್ದಾಗ ವರ್ಷಕ್ಕೆ ಎರಡು ಬಾರಿಯಾದರೂ ಊರಿನ ಕಡೆಗೆ ಹೋಗಿ, ಒಂದೊಂದು ಮನೆಯಲ್ಲಿ ಎರಡೆರಡು ದಿನ ನಿಲ್ಲುತ್ತಿದ್ದೆವು. ಅವರ ನಂತರ ಉಳಿದದ್ದು ಮದುವೆ ಮುಂಜಿಗಳ ಭೇಟಿ ಮಾತ್ರ. ಕಾರು ಬಾಗಿಲಲ್ಲಿ ನಿಲ್ಲುತ್ತದೆ; ನಾವು ಚಹ ಕುಡಿಯುತ್ತೇವೆ; "ಕತ್ತಲಾಗುವುದರೊಳಗೆ ಹೊರಡಬೇಕು" ಎನ್ನುತ್ತೇವೆ; ಹೊರಡುತ್ತೇವೆ. ಮನೆಯ ಹಿರಿಯರು ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಾರೆ. ಈ ಬಾರಿ ಹದಿನಾರು ವರ್ಷದ ನನ್ನ ಮಗಳೇ ಒಂದು ಉಪಾಯ ಹೇಳಿದಳು: "ಅಪ್ಪಾ, ಸೈಕಲ್ಲಿನಲ್ಲಿ ಹೋದರೆ ಕೂಡಲೇ ಓಡಿಬರಲು ಆಗುವುದಿಲ್ಲವಲ್ಲ!"

ಮಾತು ನಿಜವೆನಿಸಿತು. ಮಾಗಿಯ ರಜೆಗೆ ಸಿದ್ಧತೆ ನಡೆಯಿತು.

ರೈಲು ಒಂದೇ ಊರಿಗೆ

ನಮ್ಮ ನಾಲ್ಕು ಮನೆಗಳು ನಾಲ್ಕು ಊರುಗಳಲ್ಲಿವೆ. ಬೆಟಗೇರಿಯಲ್ಲಿ ಕಾಕಾ, ಲಕ್ಷ್ಮೇಶ್ವರದಲ್ಲಿ ನನ್ನ ಅಕ್ಕ, ಶಿರಹಟ್ಟಿಯಲ್ಲಿ ಸೋದರಮಾವ, ಮುಂಡರಗಿಯಲ್ಲಿ ತಂದೆಯವರ ಅಕ್ಕ, ಅಂದರೆ ನಮ್ಮ ಅತ್ತಿ. ನಾಲ್ಕೂ ಊರುಗಳು ಇಂದು ಗದಗ ಜಿಲ್ಲೆಯವು. 1997ಕ್ಕೆ ಮುಂಚೆ ಇವೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು.

ರೈಲು ಬರುವುದು ಗದಗ-ಬೆಟಗೇರಿಗೆ ಮಾತ್ರ. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಈ ಸೀಮೆ ತತ್ತರಿಸಿದ ಮೇಲೆ, ಹಸಿದ ನಾಡಿಗೆ ಧಾನ್ಯ ತಲುಪಿಸುವ ದಾರಿಯಾಗಬೇಕೆಂದು ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇಲ್ಲಿ ಹಳಿ ಹಾಕಿತು. 1884ರ ಹೊತ್ತಿಗೆ ಹೊಟಗಿಯ ಕಡೆಯಿಂದ ಗದಗಕ್ಕೆ ಗಾಡಿ ಓಡತೊಡಗಿತ್ತು. ಧಾನ್ಯಕ್ಕೆಂದು ಬಂದ ರೈಲು ಮುಂದೆ ಎರೆಭೂಮಿಯ ಹತ್ತಿಯನ್ನು ಹೊತ್ತೊಯ್ದಿತು. ಗದಗವು ಜಂಕ್ಷನ್ನೂ ಆಯಿತು, ಹತ್ತಿಯ ಪೇಟೆಯೂ ಆಯಿತು. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಹಳಿಯಿಂದ ದೂರವೇ ಉಳಿದವು. ಲಕ್ಷ್ಮೇಶ್ವರದ ಮೇಲೆ ಹಾದು ಯಲವಿಗಿಗೆ ರೈಲು ಬೇಕೆಂಬ ಬೇಡಿಕೆ ಬಹು ಹಳೆಯದು. ಹಾಗಾಗಿ ರಾತ್ರಿಯಿಡೀ ರೈಲು, ಆಮೇಲೆ ಸೈಕಲ್ಲು ಎಂದು ನಿಶ್ಚಯಿಸಿದೆವು.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ

ಸೈಕಲ್ಲನ್ನು ರೈಲಿನಲ್ಲಿ ಸಾಗಿಸುವುದು ಕಷ್ಟದ ಕೆಲಸವೇನಲ್ಲ. ತಾಳ್ಮೆ ಮಾತ್ರ ಬೇಕು. ಗಾಡಿ ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಪಾರ್ಸಲ್ ಕಚೇರಿಗೆ ಹೋಗಿ, ಟಿಕೆಟು ತೋರಿಸಿ, ನಮೂನೆ ತುಂಬಿ, ಹಣ ಕಟ್ಟಿ ರಸೀದಿ ಪಡೆಯಬೇಕು. ಹೆಸರನ್ನೂ ಇಳಿಯುವ ನಿಲ್ದಾಣವನ್ನೂ ದಪ್ಪ ಅಕ್ಷರಗಳಲ್ಲಿ ಬರೆದು, ಹ್ಯಾಂಡಲ್ಲಿಗೊಂದು, ಕ್ಯಾರಿಯರಿಗೊಂದು ಚೀಟಿ ಕಟ್ಟಬೇಕು. ದೀಪ, ಪಂಪು, ನೀರಿನ ಬಾಟಲಿ ಮುಂತಾಗಿ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳುವುದು ಒಳ್ಳೆಯದು. ಗಾಡಿ ಬಂದ ಮೇಲೆ ಲಗೇಜು ವ್ಯಾನಿಗೆ ಸೈಕಲ್ಲುಗಳು ಏರಿದವೆಂದು ಕಣ್ಣಾರೆ ನೋಡಿದರೆ ರಾತ್ರಿ ನಿದ್ದೆ ಬರುತ್ತದೆ.

ಮಗಳಿಗೆ ಹಾಗೂ ನಿದ್ದೆ ಬರಲಿಲ್ಲ. ಗಾಡಿ ಹಿಂದೂಪುರ, ಧರ್ಮಾವರಂ, ಗುಂತಕಲ್ಲುಗಳ ದಾರಿ ಹಿಡಿದು ಆಂಧ್ರದೊಳಗೆ ಸುತ್ತಿಕೊಂಡು ಮತ್ತೆ ಬಳ್ಳಾರಿಗೆ ಬರುವುದಷ್ಟೆ. ಪ್ರತಿ ನಿಲ್ದಾಣದಲ್ಲಿಯೂ ಆಕೆ ಎದ್ದು, "ಇಲ್ಲಿಯೇ ಇಳಿಸಿಬಿಟ್ಟರೆ?" ಎಂದು ಕಿಟಕಿಯಿಂದ ಇಣುಕುತ್ತಿದ್ದಳು. ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಗಾಡಿ ಸದ್ದು ಮಾಡಿದಾಗ ಬೆಳಕು ಹರಿಯುತ್ತಿತ್ತು. ಕೊಪ್ಪಳದ ಬೆಟ್ಟ ಕಂಡಿತು. ಆ ಕೋಟೆಯನ್ನು ತೋರಿಸಿ, 1858ರಲ್ಲಿ ಮುಂಡರಗಿಯ ಭೀಮರಾಯರು ಬ್ರಿಟಿಷರೊಡನೆ ಕಾದಾಡಿ ಮಡಿದದ್ದು ಅಲ್ಲಿಯೇ ಎಂದು ಹೇಳಿದೆ. "ನಾವು ಹೋಗುವ ಮುಂಡರಗಿಯೇ?" ಎಂದು ಕೇಳಿದವಳಿಗೆ ಅಂದಿನಿಂದ ಆ ಊರಿನ ಮೇಲೆ ಗೌರವ ಹೆಚ್ಚಿತು.

ಗದಗದಲ್ಲಿ ಗಾಡಿ ನಿಂತೊಡನೆ ಇಬ್ಬರೂ ಲಗೇಜು ವ್ಯಾನಿನ ಕಡೆಗೆ ಓಡಿದೆವು. ಮೂಟೆಗಳ ಹಿಂದಿನಿಂದ ಎರಡು ಸೈಕಲ್ಲುಗಳೂ ಇಳಿದು ಬಂದವು. ನನ್ನದರ ಗಂಟೆ ಸ್ವಲ್ಪ ಓರೆಯಾಗಿದ್ದುದು ಬಿಟ್ಟರೆ ಎಲ್ಲವೂ ನೆಟ್ಟಗಿತ್ತು.

ಬೆಟಗೇರಿಯ ಗಂಟು

ಬೆಟಗೇರಿ ನೇಕಾರರ ಊರು. ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲಿಯೂ ಕೈಮಗ್ಗದ ಸದ್ದಿತ್ತು. ಈಗ ಕೈಮಗ್ಗ ಉಳಿದಿರುವುದು ಕಾಕಾನ ಮನೆಯಲ್ಲಿ ಮಾತ್ರ. ಅವರಿಗೆ ಅರವತ್ತೆಂಟು ವರ್ಷ. ಮಗ್ಗದ ಕುಣಿಯಿಂದ ಎದ್ದು ಬಂದು ಮೊದಲು ಸೈಕಲ್ಲುಗಳನ್ನು ನೋಡಿದರು, ಆಮೇಲೆ ನಮ್ಮನ್ನು.

"ಅಡ್ಡಿಯಿಲ್ಲ. ಈ ಸಲ ನೀರು ಕುಡದು ಓಡಾವರಲ್ಲ," ಎಂದರು.

ಊಟವಾಯಿತು. ಹೊರಡುವಾಗ ಕಾಕಾ ಬಿಳಿಯ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ನನ್ನ ಕ್ಯಾರಿಯರಿಗೆ ತಾವೇ ಬಿಗಿದು ಕಟ್ಟಿದರು. "ಮುಂಡರಗಿಗೆ ಹೊಂಟೀಯಲ್ಲ, ಅಲ್ಲಿ ಕೊಡು. ಯಾರು ಕೊಟ್ರು ಅಂತ ಹೇಳಬ್ಯಾಡ."

ನಾನು ಏನನ್ನೂ ಕೇಳಲಿಲ್ಲ. ಕಾಕಾ ಮತ್ತು ಅತ್ತಿ ಮಾತು ಬಿಟ್ಟು ಎಂಟು ವರ್ಷಗಳಾಗಿದ್ದವು. ಹಿರಿಯರ ಕಾಲದ ಎರಡೆಕರೆ ಹೊಲದ ಪಾಲಿನಿಂದ ಹುಟ್ಟಿದ ಮಾತು ಅದು. ನನ್ನ ತಂದೆಯವರು ಇರುವವರೆಗೆ ಇಬ್ಬರ ನಡುವೆ ಓಡಾಡಿ ಅದನ್ನು ಬೆಳೆಯಲು ಬಿಟ್ಟಿರಲಿಲ್ಲ. ಅವರ ನಂತರ ಓಡಾಡಬೇಕಾಗಿದ್ದವನು ನಾನು. ನಾನು ಬೆಂಗಳೂರಿನಲ್ಲಿದ್ದೆ.

ಪುಲಿಗೆರೆಯ ಕನ್ನಡ

ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಎರೆಭೂಮಿಯ ನಡುವೆ ಚಾಚಿಕೊಂಡ ದಾರಿ. ಎರಡೂ ಕಡೆಗೆ ಬಿಳಿಜೋಳ, ಕಡಲೆ, ಅಲ್ಲಲ್ಲಿ ಕುಸುಬೆ. ಚಳಿಗಾಲದ ಮೂಡಗಾಳಿ ಬೆನ್ನಿಗಿದ್ದುದರಿಂದ ಸೈಕಲ್ಲುಗಳು ಹಗುರವಾಗಿ ಓಡಿದವು. ಮಗಳು ಹಾಡು ಗುನುಗತೊಡಗಿದಳು. ಆ ಗಾಳಿ ಮುಂದೆ ಎದುರಾಗುವುದೆಂದು ನಾನು ಹೇಳಲಿಲ್ಲ.

ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ನೆಲೆಸಿದ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸುತ್ತದೆ. ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟಿದ್ದಾನೆ. ಬೆಳಿಗ್ಗೆ ರೈಲಿನಿಂದ ಕಂಡ ಕೊಪ್ಪಳವೇ ಆ ಕೊಪಣ. ಹೀಗೆ ಒಂದೇ ಹಗಲಿನಲ್ಲಿ ತಿರುಳ್ಗನ್ನಡದ ಎರಡು ಮೂಲೆಗಳನ್ನು ಮುಟ್ಟಿದೆವೆಂದು ನಾನು ಮಗಳಿಗೆ ಪಾಠ ಹೇಳುತ್ತಿದ್ದಂತೆಯೇ ಅಕ್ಕನ ಮನೆ ಬಂದಿತು. ಅಕ್ಕ ಬಾಗಿಲಲ್ಲಿಯೇ ಆ ತಿರುಳ್ಗನ್ನಡದ ರುಚಿ ತೋರಿಸಿದಳು:

"ಹುಡುಗೀನ್ನ ಬಿಸಲಾಗ ಒಣಗಿಸಿಗೊಂಡು ಬಂದೀಯಲ್ಲೋ, ಬುದ್ಧಿ ಐತೇನು ನಿನಗ? ಎರಡು ವರ್ಷ ಆತು ಮುಖಾ ತೋರಿಸಿ!"

ಬೈಗುಳ ಮುಗಿಯುವುದರೊಳಗೆ ರೊಟ್ಟಿಯ ಸದ್ದು ಒಳಗಿನಿಂದ ಕೇಳಿಸಿತು. ಬಿಸಿ ರೊಟ್ಟಿ, ಬದನೆಯ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಮಾತು ಮಧ್ಯರಾತ್ರಿಯವರೆಗೂ ಹರಿಯಿತು. ಬೆಳಿಗ್ಗೆ ಸೋಮೇಶ್ವರ ದೇವಾಲಯಕ್ಕೆ ಹೋದೆವು. ನಂದಿಯನ್ನೇರಿದ ಶಿವಪಾರ್ವತಿಯರನ್ನು ನೋಡಿ ಮಗಳು, "ಇವರೂ ಒಂದೇ ವಾಹನದಲ್ಲಿ ಇಬ್ಬರು," ಎಂದು ನಕ್ಕಳು.

ಕೆರೆಯ ಅತಿಥಿಗಳು

ಲಕ್ಷ್ಮೇಶ್ವರದಿಂದ 11 ಕಿಲೋಮೀಟರಿಗೆ ಮಾಗಡಿಯ ಕೆರೆ. ಅಲ್ಲಿಂದ ಶಿರಹಟ್ಟಿ 8 ಕಿಲೋಮೀಟರು. ಸುಮಾರು 134 ಎಕರೆಯ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಕ್ಷಿಗಳಿವು. ಬೆಳಿಗ್ಗೆ ಸಂಜೆ ಸುತ್ತಣ ಹೊಲಗಳಲ್ಲಿ ಮೇಯುವುದು, ಉಳಿದ ಹೊತ್ತು ನೀರಿನಲ್ಲಿ ತೇಲುವುದು ಇವುಗಳ ದಿನಚರಿ. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತು, ಜಗತ್ತಿನ ಮಹತ್ವದ ಜೌಗುನೆಲೆಗಳಲ್ಲಿ ಒಂದೆನಿಸಿತು. ಏರಿಯ ಮೇಲೆ ಸೈಕಲ್ಲು ನಿಲ್ಲಿಸಿ ಒಂದು ಗಂಟೆ ಕುಳಿತೆವು. ಕಾರಿನಲ್ಲಿ ಇದೇ ದಾರಿಯಾಗಿ ಎಷ್ಟೋ ಸಲ ಹೋಗಿದ್ದೆ, ಒಮ್ಮೆಯೂ ಇಳಿದಿರಲಿಲ್ಲ.

ಶಿರಹಟ್ಟಿಯಲ್ಲಿ ಮಾವನವರು ಮೊದಲು ಫಕೀರೇಶ್ವರ ಮಠಕ್ಕೆ ಕರೆದೊಯ್ದರು. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಗದ್ದುಗೆ ಅದು. ಹೊರಗೆ ಬಂದಾಗ ಮಾವ ಮೆಲ್ಲನೆ, "ನಿಮ್ಮ ಕಾಕಾ, ಅತ್ತಿ ಇನ್ನೂ ಹಂಗ ಅದಾರೇನು?" ಎಂದು ಕೇಳಿದರು. ಕ್ಯಾರಿಯರಿನ ಗಂಟನ್ನು ತೋರಿಸಿದೆ. ಅವರು ಅದನ್ನು ಮುಟ್ಟಿ ನೋಡಿ, "ಮೊದಲ ಮುಂಡರಗಿ ಮುಟ್ಟು," ಎಂದರು.

ಎದುರುಗಾಳಿ

ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡದ ಸಾಲು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಬೇಕೆಂದು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮೊದಲಾಗಿ ಅನೇಕರು ಹೋರಾಡಿದ್ದರು. 2019ರಲ್ಲಿ ಇದು ವನ್ಯಜೀವಿಧಾಮವಾಯಿತು. ಗಾಳಿಗೆ ಇದು ತವರು; ಬೆಟ್ಟದ ನೆತ್ತಿಯ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಮೊದಲ ದಿನ ಬೆನ್ನು ತಟ್ಟಿದ ಮೂಡಗಾಳಿ ಈಗ ಎದೆಗೆ ಕೈಯಿಟ್ಟು ತಡೆಯಿತು. ಏರಿನಲ್ಲಿ ಸೈಕಲ್ಲನ್ನು ತಳ್ಳಿಕೊಂಡೇ ನಡೆದೆವು. ಇಳಿಜಾರಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ನನ್ನ ಹಿಂದಿನ ಗಾಲಿಗೆ ಹೊಕ್ಕಿತು. ಮಗಳು ಟ್ಯೂಬು ಬಿಚ್ಚಿ, ಬಾಯಲ್ಲಿ ಊದಿ, ತೂತು ಹುಡುಕಿ ಪ್ಯಾಚು ಹಾಕಿದಳು. ನಾನು ಗಂಟನ್ನು ಧೂಳಿಗೆ ತಾಗದಂತೆ ಮಡಿಲಲ್ಲಿ ಹಿಡಿದು ಕುಳಿತೆ. ಕಾಕಾ ಯೌವನದಲ್ಲಿ ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬೆಟಗೇರಿಯಿಂದ ಸೈಕಲ್ಲಿನ ಮೇಲೆಯೇ ಮುಂಡರಗಿಗೆ ಬರುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದುದು ಆಗ ನೆನಪಾಯಿತು.

ಮುಂಡರಗಿ ಸೇರಿದಾಗ ದೀಪ ಹಚ್ಚುವ ಹೊತ್ತು. ಅತ್ತಿಗೆ ಎಂಬತ್ತು ದಾಟಿದೆ. ಕಣ್ಣು ಬಹುಮಟ್ಟಿಗೆ ಮಂಜಾಗಿದೆ. ಮಗಳ ಮುಖವನ್ನು ಎರಡೂ ಕೈಗಳಿಂದ ಸವರಿ, "ನಮ್ಮಣ್ಣನ ಮೂಗು," ಎಂದಳು. ಊಟವಾದ ಮೇಲೆ ಗಂಟನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ಬಟ್ಟೆ ಬಿಚ್ಚಿ ಸೀರೆಯನ್ನು ತಡವಿದಳು. ದಡಿಯನ್ನು ಬೆರಳುಗಳ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿದಳು.

"ಇದು ಕೈಮಗ್ಗದ್ದು. ನಮ್ಮ ತಮ್ಮನ ಕೈ. ಹೇಳಬ್ಯಾಡ ಅಂದಿದ್ನೇನು?"

ನಾನು ಸುಮ್ಮನಿದ್ದೆ. ಸೀರೆಯನ್ನು ಮಡಿಸಿದ ರೀತಿಯಲ್ಲಿಯೇ ಮತ್ತೆ ಮಡಿಸಿ ಅತ್ತಿ ಹೇಳಿದಳು:

"ತವರಿನ ಸೀರಿ ಮಂದಿ ಸೈಕಲ್ಲಿನ ಮ್ಯಾಲೆ ಬರಬಾರದಪಾ. ಕೊಟ್ಟಾವ ಬರಬೇಕು. ಇಲ್ಲೇ ಇಟ್ಟಿರ್ತೀನಿ. ಕಣ್ಣು ಪೂರಾ ಹೋಗೂದರಾಗ ಬರಲಿ."

ಸೀರೆ ಗೂಡಿನಲ್ಲಿ ದೇವರ ಪಕ್ಕಕ್ಕೆ ಕುಳಿತಿತು. ಹೊಲದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದೇ ರಸೀದಿ

ಒಂದು ದಿನ ನಿಂತು, ಮಾರನೆಯ ಮುಂಜಾನೆ ಡಂಬಳದ ದಾರಿ ಹಿಡಿದೆವು. ಡಂಬಳದ ದೊಡ್ಡಬಸಪ್ಪ ದೇವಾಲಯದ ಗೋಡೆ 24 ಮೂಲೆಗಳ ನಕ್ಷತ್ರದಂತೆ ತಿರುಗುತ್ತ ಹೋಗುತ್ತದೆ. ಮಗಳು ಅದನ್ನು ಎಣಿಸಿಯೇ ತೀರುವೆನೆಂದು ಎರಡು ಸುತ್ತು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಬೆಟಗೇರಿ.

ಅತ್ತಿಯ ಮಾತನ್ನು ಕಾಕಾನಿಗೆ ಹೇಳಲು ನನಗೆ ನಾಲಗೆ ಏಳಲಿಲ್ಲ. ಮಗಳೇ ತನ್ನ ಬೆಂಗಳೂರಿನ ಕನ್ನಡದಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿದಳು. ಲಾಳಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು: "ಡಂಬಳದಿಂದ ಆಚಿ ರಸ್ತೆ ಈಗ ಹೆಂಗೈತಿ?"

ಸಂಜೆ ಗಾಡಿಗೆ ಹೊರಡುವಾಗ ಅವರು ನನ್ನ ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡರು. "ಇದು ಇಲ್ಲೇ ಇರಲಿ. ಬೆಂಗಳೂರಾಗ ನೀ ಎಲ್ಲಿ ಹೊಡೀತಿ?" ಎಂದರು. ಪಾರ್ಸಲ್ ಕಚೇರಿಯಲ್ಲಿ ಒಂದೇ ಸೈಕಲ್ಲಿಗೆ ರಸೀದಿ ಮಾಡಿಸಿದೆ.

ಊರಿಗೆ ಬಂದು ಎಂಟು ದಿನಗಳ ಮೇಲೆ ಮುಂಡರಗಿಯಿಂದ ಫೋನು ಬಂತು. ಅತ್ತಿಯ ದನಿ. ಕುಶಲವನ್ನೂ ಕೇಳದೆ ಹೇಳಿದಳು:

"ಏ ತಮ್ಮಾ, ನಿನ್ನ ಸೈಕಲ್ಲಿನ ಹಿಂದಿನ ಗಾಲಿ ಗಾಳಿ ಇಳದೈತಿ ನೋಡು. ನಮ್ಮ ಅಂಗಳದಾಗ ನಿಂತೈತಿ. ಪಂಪು ಎಲ್ಲಿ ಇಟ್ಟೀ ಅಂತ ನಿಮ್ಮ ಕಾಕಾ ಕೇಳಾಕ ಹತ್ಯಾನ."